ಹಳೆಯ ಮನೆಯ ರೇಡಾನ್: ನಾನು ಇಳಿಸಿದ ಬಗೆ

ಪೂರ್ವ ಪೆನ್ಸಿಲ್ವೇನಿಯಾದಲ್ಲಿ ಹಳೆಯ ಮನೆ ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು, ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ಅಳೆಯಿರಿ ಎಂದು. 1984ರಲ್ಲಿ ಇಲ್ಲಿನ ಲಿಮೆರಿಕ್ ಅಣುಸ್ಥಾವರದಲ್ಲಿ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಅವರ ಮೈಮೇಲಿನ ವಿಕಿರಣಕ್ಕೆ ಎಚ್ಚರಿಕೆ ಗಂಟೆ ಬಾರಿಸಿತು. ಅದು ಸ್ಥಾವರದ್ದಲ್ಲ, ಅವರ ಮನೆಯೊಳಗಿನ ರೇಡಾನಿನದು. ಈ ಭಾಗದ ಬಂಡೆಯಲ್ಲಿ ಯುರೇನಿಯಂ ಇದೆ. ಅದು ಕ್ಷಯಿಸುತ್ತಾ ಹೋದಂತೆ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಇಲ್ಲಿ ಧೂಮಪಾನದ ನಂತರದ ದೊಡ್ಡ ಕಾರಣ ಇದೇ.

ನಮ್ಮ ಮನೆಯ ನೆಲಮಾಳಿಗೆಗೆ ಕಲ್ಲಿನ ಗೋಡೆ, ನೆಲಕ್ಕೆ ತೆಳು ಕಾಂಕ್ರೀಟ್. ಪ್ರತಿ ಲೀಟರ್ ಗಾಳಿಯಲ್ಲಿ ರೇಡಾನ್ 4 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ಮುಟ್ಟಿದರೆ ಸರಿಪಡಿಸಿ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ನಮ್ಮಲ್ಲಿ 11 ಇತ್ತು. ಚಳಿಗಾಲದಲ್ಲಿ ಬೆಚ್ಚನೆಯ ಗಾಳಿ ಮೇಲಂತಸ್ತಿನಿಂದ ಹೊರಹೋಗುತ್ತದೆ, ಆ ಜಾಗ ತುಂಬಲು ಮನೆ ಮಣ್ಣಿನ ಗಾಳಿಯನ್ನು ಒಳಗೆಳೆಯುತ್ತದೆ. ಬಿರುಕು ಮುಚ್ಚುವುದು ಅಗತ್ಯ, ಆದರೆ ಅಷ್ಟೇ ಸಾಲದು. ನೆಲದಡಿಯ ಗಾಳಿಯನ್ನೇ ಪೈಪಿನಿಂದ ಹೀರಿ ಮಾಡಿನ ಮೇಲೆ ಬಿಡಬೇಕು.

ಹೊಸ ಮನೆಗಳಲ್ಲಿ ಕಾಂಕ್ರೀಟಿನ ಅಡಿಯಲ್ಲಿ ಜಲ್ಲಿ ಇರುವುದರಿಂದ ಸಾಮಾನ್ಯವಾಗಿ ಒಂದೇ ರಂಧ್ರ ಸಾಕು. ನಮ್ಮಲ್ಲಿ ಇದ್ದದ್ದು ಗಟ್ಟಿ ಜೇಡಿಮಣ್ಣು. ಹಾಗಾಗಿ ಪೈಪ್ ತರುವ ಮೊದಲೇ ಹೀರುವಿಕೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ನೋಡಿದೆ. ಒಂದು ರಂಧ್ರಕ್ಕೆ ದೊಡ್ಡ ವ್ಯಾಕ್ಯೂಮ್ ಜೋಡಿಸಿ, ಅದರ ಗಾಳಿಯನ್ನು ಹೊರಗೆ ಬಿಟ್ಟು, ದೂರದ ಮೂಲೆಗಳಲ್ಲಿ ಬೆರಳು ಗಾತ್ರದ ತೂತು ಕೊರೆದು ಪ್ರತಿಯೊಂದರ ಬಾಯಿಗೂ ಊದುಬತ್ತಿ ಹಿಡಿದೆ. ದಕ್ಷಿಣದ ಕಡೆ ಹೊಗೆಯ ಎಳೆ ಬಾಗಿ ತೂತಿನೊಳಗೆ ಇಳಿಯಿತು. ಉತ್ತರದ ಗೋಡೆಯ ಬಳಿ ಅಲುಗದೆ ನೇರ ಮೇಲೇರಿತು. ಅಲ್ಲಿಗೆ ಎರಡನೆಯ ಪೈಪ್ ಬೇಕೆಂಬುದು ಖಾತ್ರಿಯಾಯಿತು. ಈ ಪರೀಕ್ಷೆ ಮಾಡದೆ ಕೆಲಸ ಶುರುಮಾಡುವವರಿಗೆ ಮನೆ ಒಪ್ಪಿಸಬೇಡಿ.

ಎರಡೂ ಕಡೆ ಕೈ ತೂರಿಸಿ ಬಕೆಟ್‌ನಷ್ಟು ಮಣ್ಣು ತೆಗೆದು, ನಾಲ್ಕಿಂಚಿನ ಪಿವಿಸಿ ಪೈಪ್ ಇಳಿಸಿ, ಸುತ್ತ ಸೀಲ್ ಮಾಡಿದೆ. ನೆಲಮಾಳಿಗೆಯಲ್ಲಿ ಜಿನುಗುವ ನೀರು ಸೇರುವ ಗುಂಡಿಗೆ ಗಾಳಿಯಾಡದ ಮುಚ್ಚಳ ಬಂತು. ಫ್ಯಾನನ್ನು ಅಟ್ಟದಲ್ಲೇ ಇಟ್ಟೆ. ನೆಲಮಾಳಿಗೆಯಲ್ಲಿ ಇಟ್ಟರೆ ಅದರ ಮೇಲಿನ ಜೋಡಣೆ ಸೋರಿದಾಗ ಅನಿಲ ಮನೆಯೊಳಗೇ ನುಗ್ಗುತ್ತದೆ. ವಿದ್ಯುತ್ ಜೋಡಣೆಯನ್ನು ಪರವಾನಗಿ ಇರುವವರಿಂದ ಮಾಡಿಸಿದೆ.

ಫ್ಯಾನ್ ಓಡಲು ತೊಡಗಿದ ಮೇಲೆ ಗ್ಯಾಸ್ ಗೀಸರಿನ ಹೊಗೆಕೊಳವೆಯ ಬಳಿಯೂ ಊದುಬತ್ತಿ ಹಿಡಿದು ನೋಡಿದೆ. ಫ್ಯಾನಿನ ಎಳೆತಕ್ಕೆ ಅಲ್ಲಿನ ಹೊಗೆ ಕೋಣೆಗೆ ಮರಳಿದರೆ ಕಾರ್ಬನ್ ಮಾನಾಕ್ಸೈಡಿನ ಅಪಾಯ. ಮರುಪರೀಕ್ಷೆಯಲ್ಲಿ ರೇಡಾನ್ 1.6ಕ್ಕೆ ಇಳಿದಿತ್ತು. ಪೈಪಿಗೆ ಅಂಟಿಸಿದ U ಆಕಾರದ ಬಾಗುಕೊಳವೆಯಲ್ಲಿ ಬಣ್ಣದ ಎಣ್ಣೆಯ ಮಟ್ಟ ಎರಡೂ ಕಡೆ ಸಮನಾಗಿ ಕಂಡರೆ ಹೀರುವಿಕೆ ನಿಂತಿದೆ ಎಂದರ್ಥ. ಬಟ್ಟೆ ಒಗೆಯಲು ಕೆಳಗಿಳಿದವರೆಲ್ಲ ಈಗ ಅದರ ಮೇಲೊಮ್ಮೆ ಕಣ್ಣು ಹಾಯಿಸುತ್ತಾರೆ.