ಮೊದಲು ಕೀಪರ್, ದುಡ್ಡು ಉಳಿದರೆ ಸ್ಟ್ರೈಕರ್

ಮಂಗಳೂರಿನಲ್ಲಿ ಮಳೆಗಾಲದ ಫುಟ್ಬಾಲ್ ಟೂರ್ನಿಗೆ ತಂಡ ಮಾಡುವಾಗ ಎಲ್ಲರೂ ಮೊದಲು ಹುಡುಕುವುದು ಸ್ಟ್ರೈಕರ್‌ನನ್ನು. ಕಾಸರಗೋಡು ಕಡೆಯಿಂದ ಒಬ್ಬ ಗೆಸ್ಟ್ ಪ್ಲೇಯರ್ ಬರುತ್ತಾನೆ, ಕ್ಲಬ್ಬಿನ ದುಡ್ಡಲ್ಲಿ ದೊಡ್ಡ ಪಾಲು ಅವನಿಗೇ ಹೋಗುತ್ತದೆ. ಉಳಿದದ್ದರಲ್ಲಿ ಜೆರ್ಸಿ, ಊಟ, ಟೆಂಪೋ ಬಾಡಿಗೆ. ಡಿಫೆನ್ಸ್‌ಗೆ ಯಾರು ಅಂದರೆ, ಮುಂದೆ ಜಾಗ ಸಿಗದವರು. ತಂಡ ಕಟ್ಟುವ ಕೆಲಸ ನನ್ನ ತಲೆಗೆ ಬಂದಾಗ ನಾನು ಇದನ್ನು ಉಲ್ಟಾ ಮಾಡಿದೆ. ಮೊದಲು ಕೀಪರ್, ಆಮೇಲೆ ಇಬ್ಬರು ಸೆಂಟರ್ ಬ್ಯಾಕ್, ಅಂದರೆ ಗೋಲಿನ ಎದುರು ನಡುವೆ ನಿಲ್ಲುವ ಡಿಫೆಂಡರ್‌ಗಳು. ಅವರ ಮುಂದೆ, ತನ್ನ ಜಾಗದಿಂದ ಅಲುಗಾಡದ ಒಬ್ಬ ಮಿಡ್‌ಫೀಲ್ಡರ್. ದುಡ್ಡು ಉಳಿದರೆ ಸ್ಟ್ರೈಕರ್.

"ಎಂತ ಮಾರಾಯ, ಗೋಲು ಹಾಕುವುದು ಯಾರು?" ಅಂತ ಕಮಿಟಿಯ ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಮಾತೇ. ಆದರೆ ನಮ್ಮ ಟೂರ್ನಿ ನಾಕೌಟ್, ಒಮ್ಮೆ ಸೋತರೆ ಮನೆಗೆ. ಗೋಲು ಬಿಡದಿದ್ದರೆ ಕಡೇಪಕ್ಷ ಪೆನಾಲ್ಟಿ ಹೊಡೆಯುವ ಟೈಬ್ರೇಕರ್‌ವರೆಗೆ ಹೋಗಬಹುದು. 2004ರ ಯೂರೋ ಕಪ್‌ನಲ್ಲಿ ಗ್ರೀಸ್ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1-0ಯಲ್ಲೇ ಗೆದ್ದಿತ್ತು. 2006ರ ವಿಶ್ವಕಪ್ ಗೆದ್ದ ಇಟಲಿ ಇಡೀ ಟೂರ್ನಿಯಲ್ಲಿ ಬಿಟ್ಟದ್ದು 2 ಗೋಲು. ಅದರಲ್ಲೂ ಒಂದು ತಮ್ಮವರೇ ಹಾಕಿಕೊಂಡದ್ದು, ಇನ್ನೊಂದು ಫ್ರಾನ್ಸಿನ ಜಿದಾನ್ ಹೊಡೆದ ಪೆನಾಲ್ಟಿ. ಹಿರಿಯರಿಗೆ ಇದೆಲ್ಲ ಬೇಡವಾಗಿತ್ತು. 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಕಪ್ ತಂದ ಗೋಲು ಡಿಫೆಂಡರ್ ರಾಹುಲ್ ಭೆಕೆಯದ್ದು, ಅದೂ ಎಕ್ಸ್‌ಟ್ರಾ ಟೈಮ್ ಮುಗಿಯುವ ಹೊತ್ತಿಗೆ ಕಾರ್ನರ್‌ನಿಂದ ಬಂದ ಹೆಡರ್ ಅಂದ ಮೇಲೆ ಸುಮ್ಮನಾದರು.

ಇನ್ನೊಂದು ಕಾರಣ ಮೈದಾನ. ಜುಲೈಯಲ್ಲಿ ಗೋಲಿನ ಎದುರು ನೀರು ನಿಂತಿರುತ್ತದೆ. ಚೆಂದದ ಪಾಸು ಅರ್ಧ ದಾರಿಯಲ್ಲೇ ಕೂತುಬಿಡುತ್ತದೆ. ದುಬಾರಿ ಕಾಲ್ಚಳಕಕ್ಕೆ ಅಲ್ಲಿ ಬೆಲೆ ಇಲ್ಲ.

ಹುಡುಗರು ಸಿಕ್ಕಿದ್ದು ಕಡಲ ಬದಿಯ ಬೆಂಗ್ರೆ, ಉಳ್ಳಾಲ ಕಡೆಯಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ? ಟ್ರಾಲ್ ಬೋಟಿಗೆ ಹೋಗುವವರು ಆಗ ಊರಲ್ಲೇ ಇರುತ್ತಾರೆ. ನಮ್ಮ ಒಬ್ಬ ಸೆಂಟರ್ ಬ್ಯಾಕ್ ಅಂಥವನು. ಎತ್ತರ ಜಾಸ್ತಿ ಇಲ್ಲ, ಆದರೆ ಮರಳಿನಲ್ಲಿ ಆಡಿ ಆಡಿ ಕಾಲು ಗಟ್ಟಿ, ಜಾರುವುದಿಲ್ಲ. ಅವನ ಜೊತೆಗೆ ಎತ್ತರದವನೊಬ್ಬನನ್ನು ಹಾಕಿದೆ. ಇಬ್ಬರೂ ಎತ್ತರ ಇದ್ದು ನಿಧಾನ ಆದರೆ ಹಿಂದೆ ಬೀಳುವ ಚೆಂಡಿಗೆ ಯಾರೂ ಇರುವುದಿಲ್ಲ.

ಕೀಪರ್‌ನನ್ನು ಆರಿಸುವಾಗ ಡೈವ್ ನೋಡಲಿಲ್ಲ, ಗಂಟಲು ಕೇಳಿದೆ. ಆಟ ಪೂರ್ತಿ ಕಾಣುವುದು ಅವನೊಬ್ಬನಿಗೆ, ಅವನೇ ಬಾಯಿ ಮುಚ್ಚಿ ನಿಂತರೆ ಮುಗಿಯಿತು. ತುಳು, ಬ್ಯಾರಿ, ಕೊಂಕಣಿ ಎಲ್ಲ ಬೆರೆತ ತಂಡ ನಮ್ಮದು. ಬೈಯುವುದು ಅವರವರ ಭಾಷೆಯಲ್ಲಿ, ಆಟದ ಕೂಗು ಮಾತ್ರ ಮೂರೇ. 'ಕೀಪರ್' ಅಂದರೆ ಚೆಂಡು ನನ್ನದು, ಯಾರೂ ಮುಟ್ಟಬೇಡಿ. 'ಔಟ್' ಅಂದರೆ ಡಿಫೆಂಡರ್‌ಗಳ ಸಾಲು ಮುಂದಕ್ಕೆ. 'ಮ್ಯಾನ್' ಅಂದರೆ ಬೆನ್ನ ಹಿಂದೆ ಆಳು ಇದ್ದಾನೆ.

ಅಭ್ಯಾಸದಲ್ಲಿ ಜಾಸ್ತಿ ಹೊತ್ತು ಹೋದದ್ದು ಹಗ್ಗಕ್ಕೆ. ಬೋಟು ನಿಲ್ಲುವ ದಕ್ಕೆಯಿಂದ ಹಳೇ ಹಗ್ಗ ತಂದು ನಾಲ್ಕು ಡಿಫೆಂಡರ್‌ಗಳ ಸೊಂಟಕ್ಕೆ ಕಟ್ಟಿದೆ, ಒಬ್ಬನಿಂದ ಒಬ್ಬನಿಗೆ ಸುಮಾರು 8 ಮೀಟರ್. ನಾನು ಚೆಂಡು ಹಿಡಿದು ಎಡಕ್ಕೆ ನಡೆದರೆ ನಾಲ್ವರೂ ಎಡಕ್ಕೆ ಸರಿಯಬೇಕು. ರೈಟ್ ಬ್ಯಾಕ್ ಒಬ್ಬನೇ ಚೆಂಡಿನ ಹಿಂದೆ ಓಡಿದರೆ ಹಗ್ಗ ಬಿಗಿದು ಪಕ್ಕದವನು ಕೆಸರಿಗೆ. ಮೊದಮೊದಲು ಬರೀ ನಗು, ಜಗಳ. ಯಾರು ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹೋಗದ್ದು ಸೊಂಟಕ್ಕೆ ಎಳೆದಾಗ ಹೋಯಿತು. ಹಗ್ಗ ಬಿಚ್ಚಿದ ಮೇಲೂ ಪಕ್ಕದವನನ್ನು ನೋಡಿಯೇ ಹೆಜ್ಜೆ ಇಡುತ್ತಿದ್ದರು.

ಮಳೆಯ ದಿನದ ನಿಯಮ ಬೇರೆ. ನೀರು ನಿಂತ ಕಡೆ ಕೀಪರ್‌ಗೆ ಬ್ಯಾಕ್ ಪಾಸ್ ಇಲ್ಲ. ಜನ ಮುತ್ತಿಕೊಂಡಾಗ ಒದ್ದೆ ಚೆಂಡನ್ನು ಕೀಪರ್ ಹಿಡಿಯಲು ಹೋಗಬಾರದು, ಗುದ್ದಿ ಬದಿಗೆ ಕಳಿಸಬೇಕು. ಡಿಫೆಂಡರ್‌ಗಳು ಚೆಂಡನ್ನು ಮಧ್ಯಕ್ಕೆ ಒದೆಯುವುದೇ ಬೇಡ, ಲೈನ್ ಆಚೆ ಹೋದರೂ ತೊಂದರೆ ಇಲ್ಲ. ನೋಡುವವರಿಗೆ ಬೋರ್ ಆಗಿರಬಹುದು, ನನಗಂತೂ ಆಗಲಿಲ್ಲ.

ಸೆಮಿಫೈನಲ್ 1-0, ಕಾರ್ನರ್‌ನಲ್ಲಿ ನಮ್ಮ ಎತ್ತರದ ಹುಡುಗನ ಹೆಡರ್. ಫೈನಲ್ 0-0, ಟೈಬ್ರೇಕರ್‌ನಲ್ಲಿ ಕೀಪರ್ ಎರಡು ತಡೆದ. ಕಪ್ ಬಂತು.

ಈ ಸಲ ಲೆಫ್ಟ್ ಬ್ಯಾಕ್ ದುಬೈಗೆ ಹೋಗಿದ್ದಾನೆ. ಎಡಗಾಲಿನವನು, ಮೇಲೆ ಓಡಿ ವಾಪಸ್ ಬರುವವನು ಬೇಕು. ಸ್ಟ್ರೈಕರ್ ಬಗ್ಗೆ ಕಮಿಟಿಯಲ್ಲಿ ಇನ್ನೂ ಮಾತೇ ಎತ್ತಿಲ್ಲ.