ನೆಲ್ಲಿಕಾಯಿ ಅಲ್ಲದ ಗೂಸ್‌ಬೆರಿ

ನೆಲ್ಸನ್ ಸೋವಿನ್ ಎಂಬುದು ನ್ಯೂಜಿಲೆಂಡಿನ ಒಂದು ಹಾಪ್ಸ್ ತಳಿ, ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂ. ಅದನ್ನು ಹಾಕಿ ಮಾಡಿದ ಬಿಯರಿನ ಡಬ್ಬಿಯ ಮೇಲೆ ಆಗಾಗ 'ಗೂಸ್‌ಬೆರಿ' ಎಂಬ ಮಾತು ಕಾಣುತ್ತದೆ. ಮ್ಯಾಂಚೆಸ್ಟರಿಗೆ ಬಂದ ಹೊಸತರಲ್ಲಿ ನಾನು ನಿಘಂಟು ತೆಗೆದು ನೋಡಿ, ಅದು ನೆಲ್ಲಿಕಾಯಿ ಎಂದು ತಿಳಿದುಕೊಂಡೆ. ಮೂರು ನಾಲ್ಕು ತಿಂಗಳು ಆ ಬಿಯರುಗಳಲ್ಲಿ ಬೆಟ್ಟದ ನೆಲ್ಲಿಯ ಒಗರನ್ನೂ ಅದನ್ನು ತಿಂದು ನೀರು ಕುಡಿದಾಗ ಬರುವ ಸಿಹಿಯನ್ನೂ ಹುಡುಕಿದ್ದೇ ಹುಡುಕಿದ್ದು. ಸಿಗಲಿಲ್ಲ. ಒಂದು ಜುಲೈ ತಿಂಗಳಲ್ಲಿ ಆಫೀಸಿನವರೊಬ್ಬರು ತಮ್ಮ ಹಿತ್ತಿಲಲ್ಲಿ ಬೆಳೆದ ಗೂಸ್‌ಬೆರಿ ಹಣ್ಣನ್ನು ಡಬ್ಬಿಯಲ್ಲಿ ತಂದುಕೊಟ್ಟರು. ತೆಳು ಸಿಪ್ಪೆ, ಒಳಗೆ ಲೋಳೆ, ಕಚ್ಚಿದರೆ ಬಲಿಯದ ದ್ರಾಕ್ಷಿಯ ಹುಳಿ. ನಮ್ಮ ನೆಲ್ಲಿಗೂ ಅದಕ್ಕೂ ರುಚಿಯಲ್ಲಿ ಯಾವ ನಂಟೂ ಇಲ್ಲ. ಅಂದು ಸಂಜೆ ಅದೇ ಹಾಪ್ಸಿನ ಬಿಯರನ್ನು ಮತ್ತೆ ಮೂಸಿದೆ. 'ದ್ರಾಕ್ಷಿಕಾಯಿ' ಎಂದು ಬರೆದುಕೊಂಡೆ. ಆ ವಾಸನೆ ಮೊದಲ ದಿನದಿಂದಲೂ ಲೋಟದಲ್ಲಿತ್ತು. ನನ್ನ ಹತ್ತಿರ ಇದ್ದ ಹೆಸರು ಮಾತ್ರ ಬೇರೆಯದು.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ನಾನೇ ಮೂಸಿದ, ತಿಂದ ವಸ್ತುವಿನ ಹೆಸರನ್ನಷ್ಟೇ ಪುಸ್ತಕದಲ್ಲಿ ಬರೆಯಬೇಕು. ನಾನು ತೀರ್ಥಹಳ್ಳಿ ಕಡೆಯವನು. ನನ್ನ ಮೂಗು ಕಲಿತದ್ದೆಲ್ಲ ಅಡಿಕೆ ತೋಟದಲ್ಲಿ, ಕೊಟ್ಟಿಗೆಯಲ್ಲಿ, ಉಪ್ಪಿನಕಾಯಿ ಭರಣಿಗಳ ಹತ್ತಿರ. ಬ್ಲ್ಯಾಕ್‌ಕರೆಂಟ್, ಪೈನ್ ಮರದ ಅಂಟು, ಮಾರ್ಮಲೇಡ್ ಎಂದು ಬರೆದುಕೊಂಡರೆ ಮಾರನೆಯ ವಾರ ಆ ಪುಟ ನನಗೇ ಅರ್ಥವಾಗುತ್ತಿರಲಿಲ್ಲ. ಎರಡು ಬಿಯರನ್ನು ಹೋಲಿಸಬೇಕೆಂದರೆ ಮೊದಲನೆಯದು ನೆನಪಿನಲ್ಲಿ ನಿಲ್ಲಬೇಕು, ನಿಲ್ಲಲು ಅದಕ್ಕೆ ನನ್ನದೇ ಹೆಸರು ಬೇಕು.

ಹೋಲಿಸುವ ಹುಚ್ಚು ಹತ್ತಿದ್ದು 2016ರಲ್ಲಿ. ಮ್ಯಾಂಚೆಸ್ಟರಿನ ಕ್ಲೌಡ್‌ವಾಟರ್ ಬ್ರೂವರಿ ಅದಕ್ಕೆ ಒಂದು ವರ್ಷ ಮೊದಲು ಶುರುವಾಗಿತ್ತು. ಅವರು ತಮ್ಮ ಡಬಲ್ ಐಪಿಎ ಬಿಯರನ್ನು ಆವೃತ್ತಿ ಸಂಖ್ಯೆ ಹಾಕಿ ಬಿಡುತ್ತಿದ್ದರು. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಜೋರಾಗಿರುವ ತಿಳಿ ಬಣ್ಣದ ಬಿಯರು; ಡಬಲ್ ಅಂದರೆ ಅದರಲ್ಲೇ ಮದ್ಯಾಂಶ ಹೆಚ್ಚಿರುವುದು. ಪ್ರತಿ ಸಲ ಪಾಕ ತುಸು ಬದಲು. ನಾಲ್ಕನೆಯದು ಮತ್ತು ಐದನೆಯದು ಒಟ್ಟಿಗೇ ಬಂದವು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಎರಡು ಪುಟ ವ್ಯತ್ಯಾಸ ಬರೆದೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಹೆಂಡತಿಯ ಕೈಯಲ್ಲಿ ಲೋಟಗಳನ್ನು ಅದಲುಬದಲು ಮಾಡಿಸಿ ಕುಡಿದರೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ನಾನು ಹೋಲಿಸಿದ್ದು ಲೇಬಲ್ಲುಗಳನ್ನು, ಬಿಯರುಗಳನ್ನಲ್ಲ. ಅದು ನನಗೆ ತುಂಬಾ ನಾಟಿತು. ಅಂದಿನಿಂದ ಮುಚ್ಚಿಟ್ಟು ಕುಡಿಯದೆ ನಾನು ಯಾವ ಬಿಯರಿನ ಬಗ್ಗೆಯೂ ತೀರ್ಪು ಬರೆದಿಲ್ಲ.

ಈಗ ನಾವು ಮಾಡುವ ಕ್ರಮ ಹೀಗಿದೆ. ಕುಡಿಯುವವರು ಮೂವರು: ನಾನು, ಹುಬ್ಬಳ್ಳಿಯ ಗೆಳೆಯ, ಅವನ ಹೆಂಡತಿ. ಸುರಿಯುವುದು ನನ್ನ ಹೆಂಡತಿ. ಅವಳು ಕುಡಿಯುವುದಿಲ್ಲ, ಆದರೆ ನಾಲ್ವರಲ್ಲಿ ಅವಳ ಮೂಗೇ ಚುರುಕು. ಪ್ರತಿಯೊಬ್ಬರ ಮುಂದೆ ಮೂರು ಲೋಟ, ಒಂದೊಂದರಲ್ಲಿ 40 ಎಂ.ಎಲ್. ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಇನ್ನೊಂದು. ಬೇರೆಯದು ಯಾವುದೆಂದು ಹೇಳಬೇಕು. ಇದಕ್ಕೆ ತ್ರಿಕೋನ ಪರೀಕ್ಷೆ ಅನ್ನುತ್ತಾರೆ, ಬ್ರೂವರಿಗಳ ಲ್ಯಾಬಿನಲ್ಲೂ ಬಳಸುವ ವಿಧಾನ. ಏನೂ ಗೊತ್ತಾಗದೆ ಕೈ ತೋರಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗಿಬಿಡುತ್ತದೆ. ಹಾಗಾಗಿ 12 ಸಲ ಮಾಡಿ ಕನಿಷ್ಠ 8 ಸಲ ಸರಿ ಬಂದರೆ ಮಾತ್ರ ನಿಜವಾಗಿ ವ್ಯತ್ಯಾಸ ಗೊತ್ತಾಗಿದೆ ಎಂದು ಒಪ್ಪುತ್ತೇವೆ. ಒಂದು ಜೋಡಿಗೆ ಎರಡು ಸುತ್ತು. ಎರಡನೆಯ ಸುತ್ತಿನಲ್ಲಿ ಒಂಟಿ ಲೋಟದ ಬಿಯರು ಜೋಡಿಯಾಗುತ್ತದೆ. 440 ಎಂ.ಎಲ್. ಡಬ್ಬಿ ಒಂದೊಂದು ಇದ್ದರೆ ಎರಡು ಸುತ್ತಿಗೂ ಸಾಕು. ಮೂವರು ಎರಡೆರಡು ಸುತ್ತು ಮಾಡಿದರೆ ಒಂದು ಸಂಜೆಗೆ 6 ಉತ್ತರ, ಎರಡು ಸಂಜೆಗೆ 12.

ಒಂದು ಸಂಜೆಗೆ ಎರಡೇ ಜೋಡಿ. ತಲಾ 480 ಎಂ.ಎಲ್. ಆಗುತ್ತದೆ, ಒಂದು ಪೈಂಟಿಗಿಂತ (568 ಎಂ.ಎಲ್.) ಕಡಿಮೆ. ಬಿಯರಿನ ಮದ್ಯಾಂಶ 5% ಇದ್ದರೆ ಅದು ಇಲ್ಲಿನ ಲೆಕ್ಕದಲ್ಲಿ 2.4 ಯೂನಿಟ್, ಒಂದು ಯೂನಿಟ್ ಅಂದರೆ 10 ಎಂ.ಎಲ್. ಶುದ್ಧ ಮದ್ಯ. ವಾರಕ್ಕೆ 14 ಯೂನಿಟ್ ಮೀರಬೇಡಿ ಎಂಬುದು ಇಲ್ಲಿನ ವೈದ್ಯಕೀಯ ಸಲಹೆ. ನಾವು ಅದರ ಹತ್ತಿರವೂ ಹೋಗುವುದಿಲ್ಲ, ಹೋಗಬಾರದು ಕೂಡ. ಮತ್ತೇರಿದ ನಾಲಿಗೆಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಲೋಟಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದೇವೆ. ಸೋಪಿನ ಅಂಶ ಒಂದಿಷ್ಟು ಉಳಿದರೂ ನೊರೆ ಕೂತುಬಿಡುತ್ತದೆ, ನೊರೆ ಕೂತರೆ ವಾಸನೆಯೂ ಸರಿಯಾಗಿ ಏಳುವುದಿಲ್ಲ. ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸುತ್ತೇವೆ, ಬಟ್ಟೆಯಲ್ಲಿ ಒರೆಸುವುದಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದ ದಿನ ಪರೀಕ್ಷೆಯೇ ಇಲ್ಲ. ಇಂಗಿನ ಎದುರು ಯಾವ ಹಾಪ್ಸೂ ನಿಲ್ಲುವುದಿಲ್ಲ.

ಕ್ರಮದ ಬಗ್ಗೆ ಕಲಿತದ್ದು ಒಂದು ತಪ್ಪಿನಿಂದ. ಇದೇ ಊರಿನ ಟ್ರ್ಯಾಕ್ ಬ್ರೂವರಿಯ ಸೊನೋಮಾ ಎಂಬ ಪೇಲ್ ಏಲ್ 3.8%. ಮೊದಲ ಸಲ ಅದನ್ನು ಒಂದು ಡಬಲ್ ಐಪಿಎ ಆದಮೇಲೆ ಕುಡಿದು 'ನೀರು' ಎಂದು ಒಂದೇ ಪದ ಬರೆದಿದ್ದೆ. ಆರು ತಿಂಗಳಾದ ಮೇಲೆ ಅದರಿಂದಲೇ ಸಂಜೆ ಶುರುಮಾಡಿದಾಗ ಅರ್ಧ ಪುಟ ತುಂಬಿತು: ಚಕ್ಕೋತದ ಸಿಪ್ಪೆ, ಸ್ವಲ್ಪ ನಿಂಬೆಹುಲ್ಲು, ಕೊನೆಯಲ್ಲಿ ನಾಲಿಗೆಯನ್ನು ಒಣಗಿಸಿ ಮತ್ತೊಂದು ಗುಟುಕು ಕೇಳುವ ಕಹಿ. ಕಡಿಮೆ ಮದ್ಯಾಂಶದ ಬಿಯರನ್ನು ಚೆನ್ನಾಗಿ ಮಾಡುವುದೇ ಹೆಚ್ಚು ಕಷ್ಟ ಎಂದು ನಾನು ಈಗ ನಂಬುತ್ತೇನೆ. ಅಲ್ಲಿ ತಪ್ಪು ಅಡಗಿಸಲು ಸಿಹಿಯೂ ಇಲ್ಲ, ಕಾವೂ ಇಲ್ಲ. 2023ರ ಆಗಸ್ಟ್‌ನಿಂದ ಬ್ರಿಟನ್ನಿನಲ್ಲಿ 3.5%ಗಿಂತ ಕೆಳಗಿನ ಬಿಯರಿಗೆ ತೆರಿಗೆ ಕಡಿಮೆಯಾಗಿ, 3.4% ಬಿಯರುಗಳು ಹೆಚ್ಚಾಗಿವೆ. ಅವುಗಳಲ್ಲಿ ಕೆಲವು ನಿಜಕ್ಕೂ ತೆಳುವು. ಲಂಡನ್ನಿನ ಕರ್ನೆಲ್ ಬ್ರೂವರಿಯ ಟೇಬಲ್ ಬಿಯರ್ ಸುಮಾರು 3% ಇದ್ದೂ ಬಾಯಿ ತುಂಬುತ್ತದೆ. ಈ ಗುಂಪಿನಲ್ಲಿ ಏನನ್ನೇ ಹೋಲಿಸಲಿ, ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ.

ಇನ್ನು ಅಪ್ಪೆಮಿಡಿಯ ಸಂಗತಿ. ಸಿಟ್ರಾ, ಸಿಮ್ಕೋ, ಮೊಸಾಯಿಕ್ ಎಂಬ ಅಮೆರಿಕದ ಹಾಪ್ಸುಗಳು ಇಂದಿನ ಬ್ರಿಟಿಷ್ ಕ್ರಾಫ್ಟ್ ಬಿಯರಿನ ಜೀವಾಳ. ಡಬ್ಬಿಗಳ ಮೇಲೆ 'ಮಾವು' ಎಂದು ಬರೆದಿರುತ್ತಾರೆ. ಯಾವ ಮಾವು? ನಮಗೆ ರಸಪುರಿ ಬೇರೆ, ತೋತಾಪುರಿ ಬೇರೆ, ಕಾಡುಮಾವು ಬೇರೆ. ಒಂದು ಸಂಜೆ ಹೆಂಡತಿ ಲೋಟ ತುಂಬುತ್ತಿದ್ದವಳು ತಟಕ್ಕನೆ ನಿಂತು, "ರೀ, ಇದು ಅಪ್ಪೆಮಿಡಿ ಕಣ್ರೀ. ತೊಟ್ಟು ಮುರಿದಾಗ ಚಿಮ್ಮೋ ಸೊನೆ ಇದ್ಯಲ್ಲ, ಅದು" ಅಂದಳು. ಊರಿಂದ ತಂದ ಉಪ್ಪಿನಕಾಯಿ ಜಾಡಿ ತೆಗೆದು ಲೋಟದ ಪಕ್ಕ ಇಟ್ಟು ಒಂದಾದಮೇಲೊಂದು ಮೂಸಿದೆವು. ಖಾರ, ಉಪ್ಪು, ಸಾಸಿವೆಯ ಕೆಳಗೆ ಅದೇ ಚುರುಕು ಪರಿಮಳ. ಆಮೇಲೆ ಓದಿದಾಗ ಕಾರಣ ತಿಳಿಯಿತು. ಹಾಪ್ಸಿನ ಎಣ್ಣೆಯಲ್ಲಿ ಮಿರ್ಸೀನ್ ಎಂಬ ಪದಾರ್ಥ ಧಾರಾಳವಾಗಿದೆ, ಮಾವಿನ ಸೊನೆಯಲ್ಲೂ ಅದು ಇದೆ. ಇಲ್ಲಿಯವರು ಪೈನ್ ಮರದ ಅಂಟು ಅನ್ನುವ ಕಡೆ ನನಗೆ ಸೊನೆ ಎಂಬ ಹೆಸರು ಸಿಕ್ಕಿತು.

ಅದಾದಮೇಲೆ ಮಬ್ಬು ಬಿಯರುಗಳು ನನಗೆ ಬೇರೆಬೇರೆಯಾಗಿ ಕಾಣತೊಡಗಿದವು. ಓಟ್ಸ್, ಗೋಧಿ ಹಾಕಿ, ಹುದುಗು ನಡೆಯುವಾಗ ಮತ್ತು ನಡೆದ ಮೇಲೆ ರಾಶಿ ಹಾಪ್ಸ್ ಸೇರಿಸಿ ಮಾಡುವ ಹಳದಿ ಬಿಯರುಗಳಿವು. ಎಲ್ಲ ಒಂದೇ ಎಂದು ದೂರುವವರಿದ್ದಾರೆ. ಕಾರ್ನ್‌ವಾಲ್‌ನ ವರ್ಡೆಂಟ್ ಬ್ರೂವರಿಯ ಲೈಟ್‌ಬಲ್ಬ್ 4.5%, ಚೆಲ್ಟನಮ್‌ನ ಡೇಯಾ ಬ್ರೂವರಿಯ ಸ್ಟೆಡಿ ರೋಲಿಂಗ್ ಮ್ಯಾನ್ 5.2%. ಎರಡೂ ನಮ್ಮ ಮನೆಗೆ ಸದಾ ಬರುವ ಡಬ್ಬಿಗಳು, ಮುಚ್ಚಿಟ್ಟು ಕುಡಿದಾಗ ಗೊತ್ತಾದೀತೇ ಎಂಬ ಅನುಮಾನ ಇತ್ತು. 12ರಲ್ಲಿ 9 ಸರಿ ಬಂತು. ನನ್ನ ಪುಸ್ತಕದಲ್ಲಿ ಮೊದಲನೆಯದಕ್ಕೆ 'ಸೊನೆ, ಕಿತ್ತಳೆ ಸಿಪ್ಪೆ, ಬೇಗ ಮುಗಿಯುತ್ತದೆ' ಎಂದಿದೆ, ಎರಡನೆಯದಕ್ಕೆ 'ಹಣ್ಣಾದ ರಸಪುರಿ, ನಾಲಿಗೆಗೆ ಗಂಜಿಯ ನುಣುಪು'. ಮೊಸಾಯಿಕ್ ಜೋರಾಗಿದ್ದ ಇನ್ನೊಂದು ಬಿಯರು ಬಂದ ದಿನ ಹುಬ್ಬಳ್ಳಿ ಗೆಳೆಯ ಮೊದಲ ಗುಟುಕಿಗೇ ಲೋಟ ಕೆಳಗಿಟ್ಟು, "ಇದರಾಗ ಉಳ್ಳಾಗಡ್ಡಿ ವಾಸನಿ ಬರಾಕತ್ತೈತಲ್ಲೋ" ಅಂದ. ನನಗೆ ಅಲ್ಲಿಯವರೆಗೆ ಹಲಸು ಅನ್ನಿಸುತ್ತಿತ್ತು. ಅವನು ಹೇಳಿದಮೇಲೆ ಈರುಳ್ಳಿ ಬಿಟ್ಟು ಬೇರೇನೂ ಸಿಗಲಿಲ್ಲ. ಹಾಪ್ಸಿನಲ್ಲಿರುವ ಗಂಧಕದ ಅಂಶಗಳಿಂದ ಹಣ್ಣೂ ಬರುತ್ತದೆ, ಈರುಳ್ಳಿಯೂ ಬರುತ್ತದೆ. ಅಂದಿನಿಂದ ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡುವಂತಿಲ್ಲ.

ಈ ಜಾತಿಯ ಬಿಯರಿಗೆ ವಯಸ್ಸೇ ಶತ್ರು. ಒಂದೇ ಹೆಸರಿನ ಐಪಿಎ ಡಬ್ಬಿಗಳನ್ನು ತುಂಬಿದ ಎರಡು ವಾರಕ್ಕೆ ಒಂದು, ಹತ್ತು ವಾರಕ್ಕೆ ಒಂದು ಎಂದು ಹೋಲಿಸಿದೆವು. 12ರಲ್ಲಿ 11 ಸರಿ. ಹಳೆಯದು ಹೊರಗಿನ ಕಪಾಟಿನಲ್ಲಿ ಕೂತಿದ್ದ ಅಂಗಡಿಯ ಸರಕು. ಬಣ್ಣ ಬೂದಿಗೆ ತಿರುಗಿತ್ತು, ಸೊನೆ ಹೋಗಿ ಒದ್ದೆ ರಟ್ಟಿನ ವಾಸನೆ ಬಂದಿತ್ತು. ಎರಡು ಬ್ರೂವರಿಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಬಿಯರಿನ ಎರಡು ವಯಸ್ಸಿನ ನಡುವಿನ ವ್ಯತ್ಯಾಸ ದೊಡ್ಡದು ಎಂದು ಅಂದು ಕಂಡೆ. ಡಬ್ಬಿಯ ತಳದಲ್ಲಿರುವ ತಾರೀಖು ನೋಡದೆ ಈಗ ಏನನ್ನೂ ಕೊಳ್ಳುವುದಿಲ್ಲ. ತಾರೀಖು ಒಂದು ವಾರದೊಳಗೆ ಹೊಂದದಿದ್ದರೆ ಆ ಜೋಡಿಯನ್ನು ಹೋಲಿಸುವುದೂ ಇಲ್ಲ.

ಕಪ್ಪು ಬಿಯರುಗಳು ಇಷ್ಟು ಕಾಡಿಸುವುದಿಲ್ಲ. ಕರ್ನೆಲ್‌ನವರ ಎಕ್ಸ್‌ಪೋರ್ಟ್ ಇಂಡಿಯಾ ಪೋರ್ಟರ್ ಮತ್ತು ಅನ್ಸ್‌ಪಾಕ್ ಅಂಡ್ ಹಾಬ್‌ಡೇ ಬ್ರೂವರಿಯ 4.4% ಲಂಡನ್ ಬ್ಲ್ಯಾಕ್ ಎರಡನ್ನೂ ಕಾಫಿಯ ಭಾಷೆಯಲ್ಲೇ ಬರೆದಿದ್ದೇನೆ. ಮೊದಲನೆಯದು ಚಿಕೋರಿ ಇಲ್ಲದ, ಕಪ್ಪಗೆ ಹುರಿದ ಬೀಜ, ಮೇಲೆ ಹಾಪ್ಸಿನ ಕಹಿ. ಎರಡನೆಯದು ನೈಟ್ರೋಜನ್ ನೊರೆಯ ದೆಸೆಯಿಂದ ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಯ ಹಾಗೆ ದುಂಡಗೆ ಇಳಿಯುತ್ತದೆ. ಇಂಡಿಯಾ ಎಂಬ ಹೆಸರು ಬರೀ ಅಲಂಕಾರಕ್ಕಲ್ಲ. ಹಡಗಿನಲ್ಲಿ ಭಾರತಕ್ಕೆ ಬಂದ ಬಿಯರೆಂದರೆ ಐಪಿಎ ಎಂದೇ ಎಲ್ಲರೂ ನೆನೆಯುತ್ತಾರೆ, ಆದರೆ ಕಂಪನಿ ಕಾಲದಲ್ಲಿ ಬಿಳಿಯ ಸೈನಿಕರಿಗಾಗಿ ಬಂದ ಪೋರ್ಟರ್ ಅದಕ್ಕಿಂತ ಹೆಚ್ಚು.

ಸಸೆಕ್ಸಿನ ಫರ್ಲ್ ಎಂಬ ಹಳ್ಳಿಯ ಬರ್ನಿಂಗ್ ಸ್ಕೈ ಬ್ರೂವರಿ ಮರದ ದೊಡ್ಡ ಪೀಪಾಯಿಗಳಲ್ಲಿ ಬಿಯರನ್ನು ಹಳೆಯದಾಗಿಸುತ್ತದೆ. ಅವರ ಸೈಸನ್ ಎಂಬ ಬೆಲ್ಜಿಯಂ ಬಗೆಯ ಬಿಯರೊಂದನ್ನು ಮೂಸಿದಾಗ ನನಗೆ ತಟ್ಟನೆ ಹೊಳೆದದ್ದು ಮನೆಯ ಕೊಟ್ಟಿಗೆ. ಒಣಹುಲ್ಲು, ದನದ ಮೈ, ಅದರ ಹಿಂದೆ ಮುರುಗಲದ ಹುಳಿ. ಬರೆಯಲು ಸಂಕೋಚವಾಯಿತು. ಆಮೇಲೆ ನೋಡಿದರೆ ಬ್ರೆಟನೊಮೈಸಿಸ್ ಎಂಬ ಯೀಸ್ಟಿನ ವಾಸನೆಗೆ ಇಲ್ಲಿಯವರೂ ಕೊಟ್ಟಿಗೆ ಎಂದೇ ಅನ್ನುತ್ತಾರೆ, ಮೆಚ್ಚುಗೆಯಿಂದ. ಆ ಹೆಸರಿನ ಅರ್ಥ 'ಬ್ರಿಟಿಷ್ ಶಿಲೀಂಧ್ರ'. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ವಿಜ್ಞಾನಿ ಕ್ಲಾಸೆನ್ 1904ರಲ್ಲಿ, ಕೂಡಿಟ್ಟು ಹಳೆಯದಾಗಿಸುವ ಇಂಗ್ಲಿಷ್ ಏಲ್‌ಗಳಲ್ಲಿ ಅದನ್ನು ಗುರುತಿಸಿ ಹಾಗೆ ಕರೆದರು.

ಹೊಸದನ್ನೇ ಬೆನ್ನಟ್ಟುವವರು ಬಿಟರ್ ಎಂಬ ಹಳೆಯ ಇಂಗ್ಲಿಷ್ ಬಿಯರನ್ನು ಬಿಟ್ಟುಬಿಡುತ್ತಾರೆ. ಅದು ತಪ್ಪು. ಮಾರಿಸ್ ಆಟರ್ ಬಾರ್ಲಿಯ ಹುರಿಗಡಲೆ ಪರಿಮಳ, ಗೋಲ್ಡಿಂಗ್ಸ್ ಹಾಪ್ಸಿನ ಒಣಹುಲ್ಲು, ಇವನ್ನು ತಿಳಿಯದೆ ಹೊಸ ಬಿಯರು ಎಲ್ಲಿ ಹೊರಳಿತು ಎಂದು ತಿಳಿಯುವುದಿಲ್ಲ. ಡರ್ಬಿಶೈರಿನ ಥಾರ್ನ್‌ಬ್ರಿಜ್ 2005ರಲ್ಲಿ ಮಾಡಿದ ಜೈಪುರ್ ಎಂಬ 5.9% ಐಪಿಎ ಆ ತಿರುವಿನಲ್ಲೇ ನಿಂತಿದೆ: ಕೆಳಗೆ ಇಂಗ್ಲಿಷ್ ಬಾರ್ಲಿ, ಮೇಲೆ ಅಮೆರಿಕದ ಹಾಪ್ಸ್. ಮಾರ್ಮಲೇಡ್ ಎಂದು ಎಲ್ಲರೂ ಬರೆಯುವ ಅದರ ರುಚಿಗೆ ನಾನು ಬರೆದದ್ದು ಹೇರಳೆಕಾಯಿ ಗೊಜ್ಜು. ಬೆಲ್ಲದ ಪಾಕದೊಳಗಿಂದ ಸಿಪ್ಪೆಯ ಕಹಿ ನಿಧಾನಕ್ಕೆ ಮೇಲೇಳುತ್ತದಲ್ಲ, ಥೇಟ್ ಹಾಗೆಯೇ.

ಈಗ ಕೈಯಲ್ಲಿರುವುದು ಕ್ಯಾಸ್ಕ್ ಬಿಯರಿನ ಒಂದು ಪ್ರಶ್ನೆ. ಕ್ಯಾಸ್ಕ್ ಅಂದರೆ ಪೀಪಾಯಿಯೊಳಗೇ ಎರಡನೆಯ ಸಲ ಹುದುಗಿ, ಅನಿಲ ತುಂಬದೆ, 11ರಿಂದ 13 ಡಿಗ್ರಿ ತಂಪಿನಲ್ಲಿ ಕೈಪಂಪಿನಿಂದ ಎಳೆಯುವ ಬಿಯರು. ಉತ್ತರ ಇಂಗ್ಲೆಂಡಿನಲ್ಲಿ ಪಂಪಿನ ಮೂತಿಗೆ ಸ್ಪಾರ್ಕ್ಲರ್ ಎಂಬ ಸಣ್ಣ ತೂತುಗಳ ಬಿಲ್ಲೆ ಸಿಕ್ಕಿಸುತ್ತಾರೆ. ನೊರೆ ದಪ್ಪ ಕೆನೆಯಂತೆ ಬರುತ್ತದೆ. ದಕ್ಷಿಣದವರಿಗೆ ಅದು ಬೇಡ, ಹಾಪ್ಸಿನ ಪರಿಮಳ ಅದರಿಂದ ಕೆಡುತ್ತದೆ ಎನ್ನುತ್ತಾರೆ. ಒಂದು ಪಬ್ಬಿನವರು ಸೋಮವಾರ ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ನಮಗಾಗಿ ಅದನ್ನು ಬಿಚ್ಚಿ, ಹಾಕಿ, ಒಂದೇ ಬಿಟರನ್ನು ಎರಡು ಬಗೆಯಲ್ಲಿ ಎಳೆದುಕೊಟ್ಟರು. ನೊರೆ ಕಂಡರೆ ಗುಟ್ಟು ಬಯಲು ಎಂದು ಕಪ್ಪು ಲೋಟ ತೆಗೆದುಕೊಂಡು ಹೋಗಿದ್ದೆವು, ನೊರೆ ಇಳಿಯುವ ತನಕ ಕಾದೆವು. 12ರಲ್ಲಿ 7 ಸರಿ. ಒಂದು ಕಡಿಮೆ. ಗೆಳೆಯ ಗೊತ್ತಾಗುತ್ತದೆ ಅನ್ನುತ್ತಾನೆ, ನಾನು ಇಲ್ಲ ಅನ್ನುತ್ತೇನೆ, ಹೆಂಡತಿ ಇಬ್ಬರ ಚೀಟಿಗಳನ್ನೂ ಎತ್ತಿಟ್ಟಿದ್ದಾಳೆ. ಮುಂದಿನ ತಿಂಗಳು ಅದೇ ಪಬ್ಬಿನಲ್ಲಿ ಇನ್ನೊಂದು ಸೋಮವಾರ ಕೇಳಿಕೊಂಡಿದ್ದೇವೆ.