ಹಂಡೆ ಹೋಯಿತು, ಪಾವು ಉಳಿಯಿತು

ಹಳೇ ಪಾತ್ರೆ, ಸಾಮಾನು ಕೂಡಿಡುವ ಹುಚ್ಚು ನನ್ನದು. ಮೊದಲು ತಂದದ್ದು ಒಂದು ಹಿತ್ತಾಳೆ ಪಾವು. ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೇ ನಲ್ಲಿ, ಬೀಗಗಳ ನಡುವೆ ಬಿದ್ದಿತ್ತು. ಅಂಚು ನೆಗ್ಗಿತ್ತು. ಅಮ್ಮ ಅಂಥದ್ದರಲ್ಲೇ ಅಕ್ಕಿ ಅಳೆಯುತ್ತಿದ್ದರು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂತು, ಅಂಗಡಿಗಳು ಕಿಲೋಗೆ ಬದಲಾದವು. ನಮ್ಮ ಅಡುಗೆಮನೆ ಬದಲಾಗಲಿಲ್ಲ. ಮೂರು ಜನಕ್ಕೆ ಒಂದು ಪಾವು ಅಂತಲೇ ಈಗಲೂ ನನ್ನ ಲೆಕ್ಕ.

ಆಮೇಲೆ ಹಂಡೆ ಬಂತು, ಕೊಳದಪ್ಪಲೆ ಬಂತು. ಗಿಂಡಿ, ಅಡಕತ್ತರಿ, ಕಡಗೋಲು, ಭರಣಿ, ಕಲ್ಚಟ್ಟಿ, ಲಾಟೀನು. ತರುವ ಮೊದಲು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದೆ. ಹಿತ್ತಾಳೆಯ ಸದ್ದು ಬೇಗ ನಿಲ್ಲುತ್ತದೆ, ಕಂಚಿನದು ಎಳೆದುಕೊಂಡು ಹೋಗುತ್ತದೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಕಂಚಿನ ಕಂಠ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ನನ್ನನ್ನು ಕಟ್ಟಿಹಾಕಿದ್ದು ಮಾತ್ರ ಹೆಸರುಗಳು. ಮದುವೆಯಲ್ಲಿ ಮುಯ್ಯಿ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತಿದ್ದರಲ್ವಾ? ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ. ನನ್ನ ಹತ್ತಿರ ಇರುವ ಒಂದು ತಂಬಿಗೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರಿದೆ, ಕೆಳಗೆ ಮದುವೆಯ ತಾರೀಖು. ಆಕೆ ಯಾರೋ ಗೊತ್ತಿಲ್ಲ. ಆದರೆ ಅದನ್ನು ತೂಕಕ್ಕೆ ಹಾಕುವುದು ನನ್ನಿಂದ ಆಗುವುದಿಲ್ಲ.

ಎರಡು ವರ್ಷದ ಹಿಂದೆ ಹಳೇ ಮನೆ ಬಿಟ್ಟು ಫ್ಲ್ಯಾಟಿಗೆ ಬಂದೆವು. ಎಲ್ಲ ಹೊರಗೆ ಜೋಡಿಸಿ ಎಣಿಸಿದೆ, 84 ಇದ್ದವು. "ಅಮ್ಮಾ, ನಾನೆಲ್ಲಿ ಕೂತು ಓದಲಿ?" ಅಂದಳು ಮಗಳು. ಅವಳು ಕೇಳಿದ್ದು ಸರಿಯೇ.

ಗುಜರಿಯವರನ್ನು ಕರೆಸಿ ಸ್ವಲ್ಪ ಬಣ್ಣಗೆಟ್ಟಿದ್ದ ಒಂದು ದೊಡ್ಡ ಹಂಡೆ ಕೊಟ್ಟೆ. ಅವರು ತೂಗಿದರು, ದುಡ್ಡು ಎಣಿಸಿದರು. ಆಮೇಲೆ ಚೀಲಕ್ಕೆ ಹಿಡಿಸಲಿ ಅಂತ ನನ್ನ ಎದುರೇ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದರು. ಅವರಿಗೆ ಅದು ಲೋಹ, ತಪ್ಪೇನಿಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದು ಮನೆಯವರೆಲ್ಲ ನೀರು ಕಾಯಿಸಿಕೊಂಡು ಮಿಂದ ಹಂಡೆ ಅದು. ಅವತ್ತಿನಿಂದ ತೂಕಕ್ಕೆ ಏನನ್ನೂ ಕೊಟ್ಟಿಲ್ಲ.

ಅದರ ಬದಲು, ಬಳಸುವವರಿಗೆ ಮಾತ್ರ ಕೊಡುತ್ತೇನೆ. ಹಜಾರದಲ್ಲಿ ಅಂದಕ್ಕೆ ಇಡುತ್ತೇನೆ ಅನ್ನುವವರಿಗೆ ಕೊಡುವ ಮನಸ್ಸು ಬರುವುದಿಲ್ಲ. ಹಿತ್ತಾಳೆ ಪಾತ್ರೆಯಾದರೆ ಮೊದಲು ಒಳಗೆ ಕಲಾಯಿ, ಅಂದರೆ ತವರದ ಲೇಪ, ಹಾಕಿಸುತ್ತೇನೆ. ಕಲಾಯಿ ಇಲ್ಲದಿದ್ದರೆ ಹುಳಿ, ಸಾರು ಕಿಲುಬು ಹಿಡಿಯುತ್ತದೆ, ಅದನ್ನು ಉಣ್ಣಬಾರದು. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಬಟ್ಟೆಯಲ್ಲಿ ಒರೆಸಿದರೆ ಕ್ಷಣದಲ್ಲಿ ಒಳಗೆಲ್ಲ ಬೆಳ್ಳಿಯಂತೆ ಹರಡುತ್ತದೆ. ತವರ 232 ಡಿಗ್ರಿಗೇ ಕರಗುತ್ತದೆ, ಅದಕ್ಕೇ ಇದು ಬೀದಿಬದಿಯ ಇದ್ದಿಲ ಒಲೆಯಲ್ಲೂ ಆಗುವ ಕೆಲಸ. ಆದರೆ ಮಾಡುವ ಕೈ ಸಿಗುವುದೇ ಈಗ ಕಷ್ಟ.

ಕಲ್ಚಟ್ಟಿಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. "ಆಂಟಿ, ಒಡೆದುಹೋದ್ರೆ?" ಅಂದಳು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಸಣ್ಣ ಉರಿ, ಬಿಸಿ ಇರುವಾಗ ತಣ್ಣೀರು ಹಾಕಬೇಡ, ಒಲೆ ಆರಿಸಿದ ಮೇಲೂ ಕುದಿಯುತ್ತಿರುತ್ತದೆ, ಸ್ವಲ್ಪ ಮೊದಲೇ ಆರಿಸು. ಒಂದು ವಾರ ಕಳೆದು ಅವಳೇ ಬಟ್ಟಲಲ್ಲಿ ಗೊಜ್ಜು ತಂದುಕೊಟ್ಟಳು. ಅವತ್ತು ರಾತ್ರಿ ನನಗೆ ಕಲ್ಚಟ್ಟಿಯ ನೆನಪು ಕಾಡಲಿಲ್ಲ.

ಈಗ 31 ಉಳಿದಿವೆ. ಕೊಳದಪ್ಪಲೆ ಈ ತಿಂಗಳು ಅತ್ತಿಗೆ ಮನೆಗೆ ಹೋಗುತ್ತದೆ, ಕಲಾಯಿ ಆಗಬೇಕು ಅಷ್ಟೆ. ಹೆಸರಿರುವ ತಂಬಿಗೆಯಲ್ಲಿ ದೇವರ ಮನೆಗೆ ನೀರು ಇಡುತ್ತೇನೆ. ಪಾವು ಅಕ್ಕಿ ಡಬ್ಬಿಯೊಳಗೇ ಇದೆ. ಅದನ್ನು ಯಾರು ಕೇಳಿದರೂ ಕೊಡುವುದಿಲ್ಲ.